ಅಕ್ಕ ಸಹಿ ಮಾಡುತ್ತಿದ್ದಾಳೆ

ಮಾರ್ಚ್ 3, ಸೋಮವಾರ

ಹತ್ತಿ ಬಂತು, ಪ್ಲಾಸ್ಟರ್ ಬರಲಿಲ್ಲ. ಕಣ್ಣಿಗೆ ಬಿಡುವ ಹನಿ ನಲವತ್ತು ಬಾಕ್ಸ್, ಎರಡು ಒಡೆದಿವೆ. ಕಪ್ಪು ಕನ್ನಡಕ ಒಂದು ಡಜನ್ ಕಡಿಮೆ. ಬರೆದು ಕಳಿಸಿದ್ದೇನೆ. ಉತ್ತರ ಬರುವಷ್ಟರಲ್ಲಿ ನನಗೇ ಒಂದು ಬೇಕಾಗಬಹುದು.

ಮಧ್ಯಾಹ್ನ ದೊಡ್ಡ ಮೇಡಂ ಕರೆಸಿದರು. ಈ ಕಣ್ಣಿನ ಆಸ್ಪತ್ರೆಯ ಆಡಳಿತ ಅವರದು, ಹಾಗಾಗಿ ಗೋಡೆಗಳೂ ಅವರವೇ.

"ಕಾರಿಡಾರ್ ನೋಡಿದೀರೇನ್ರೀ? ಶವಾಗಾರ ಇದ್ದ ಹಾಗಿದೆ. ಚಿತ್ರ ಹಾಕ್ಸಿ. ಖರ್ಚು ಜಾಸ್ತಿ ಆಗಬಾರದು. ಕ್ಯಾಲೆಂಡರ್ ಚಿತ್ರಾನೂ ಆಗಬಾರದು."

"ಮೇಡಂ, ನಮ್ಮಲ್ಲಿ ಅರ್ಧ ಜನರ ಕಣ್ಣಿಗೆ ಪಟ್ಟಿ ಇರುತ್ತೆ."

"ಉಳಿದರ್ಧಕ್ಕೆ ಹಾಕ್ಸಿ."

ಅಗ್ಗದ ಚಿತ್ರ ಹುಡುಕು ಅಂದರು,
ಹಗ್ಗ, ಮೊಳೆ ನೀನೇ ತಾ ಅಂದರು.

ಸ್ಟಾಕ್ ಬುಕ್ಕಿನ ಹಿಂದಿನ ಪುಟಗಳಲ್ಲಿ ಇದನ್ನೆಲ್ಲ ಬರೆಯುತ್ತೇನೆ. ತಲೆ ತಗ್ಗಿಸಿ ಬರೆಯುತ್ತಿರುವ ಸ್ಟೋರ್ಸಿನವಳನ್ನು ಯಾರೂ ಮಾತಾಡಿಸುವುದಿಲ್ಲ.

ಮಾರ್ಚ್ 5, ಬುಧವಾರ

ಎರಡು ದಿನದಿಂದ ಆನ್‌ಲೈನ್ ಹುಡುಕಾಟ. ಹೀಗೊಂದು ಲೋಕ ಇದೆಯೆಂದು ಗೊತ್ತಿರಲಿಲ್ಲ. ಚಿತ್ರ ಬರೆಯುವವರು ಯಾವ ಗ್ಯಾಲರಿಯ ಹಂಗೂ ಇಲ್ಲದೆ ತಮ್ಮ ಅಡುಗೆಮನೆಯಿಂದಲೇ ಮಾರುತ್ತಾರೆ. ಒಬ್ಬ ಟೀಚರ್ — ಕಾಗೆ ಬಿಟ್ಟು ಬೇರೇನೂ ಬರೆಯುವುದಿಲ್ಲ. ಒಬ್ಬ ರಿಟೈರಾದ ಬಸ್ ಡ್ರೈವರ್ — ತಾನು ಓಡಿಸಿದ ರಸ್ತೆಗಳ ತಿರುವುಗಳನ್ನು ಮಾತ್ರ ಬಣ್ಣದಲ್ಲಿ. ಕೈಯಿಂದಲೇ ಮಾಡಿದ್ದು, ಹಿಂದೆ ಸಹಿ ಬೇರೆ, ಬೆಲೆ ಒಂದು ಜೊತೆ ಚಪ್ಪಲಿಗಿಂತ ಕಡಿಮೆ. ನಲವತ್ತಾರು ವರ್ಷ ಚಿತ್ರವೆಂದರೆ ಉಳ್ಳವರ ಮನೆಯ ಸಾಮಾನು ಅಂದುಕೊಂಡಿದ್ದೆ.

ಕಾಯುವ ಹಾಲ್‌ಗೆ ಮೂರು ಕಾಗೆ ಆರ್ಡರ್ ಮಾಡಿದೆ. ಮನೆಗೆ ಹೋಗುವಾಗ ದಾರಿಯ ಕಾಗೆಗಳನ್ನು ಹೊಸದಾಗಿ ನೋಡಿದೆ. ಅವು ನೋಡಲಿಲ್ಲ.

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಊಟದ ಹೊತ್ತಿನಲ್ಲಿ ಕಂಡಿತು. ಅಂಗಡಿಯ ಹೆಸರು 'ಮಸಿಕೈ'. ಕಪ್ಪು ಬಿಳುಪು ಅಚ್ಚುಗಳು. ರಬ್ಬರಿನಂಥ ಹಾಳೆಯನ್ನು ಉಳಿಯಿಂದ ಕೆತ್ತಿ, ಮಸಿ ಸವರಿ, ಕಾಗದಕ್ಕೆ ಒತ್ತಿ ತೆಗೆಯುತ್ತಾರಂತೆ. ಆರನೆಯ ಚಿತ್ರ: ಒಂದು ಕೌಂಟರ್. ಬೆನ್ನು ಹಾಕಿ ನಿಂತ ಹೆಂಗಸು, ಬಗ್ಗಿ ಏನೋ ಬರೆಯುತ್ತಿದ್ದಾಳೆ. ಉದ್ದ ಜಡೆ. ಸ್ವೆಟರಿನ ಮೊಣಕೈಗೆ ಚೌಕಳಿ ಬಟ್ಟೆಯ ತೇಪೆ. ಕಂಕುಳಲ್ಲಿ ಪೇಪರ್ ಸುತ್ತಿದ ಒಂದು ಜೊತೆ ಚಪ್ಪಲಿ, ಹಿಮ್ಮಡಿಗಳು ಹೊರಗೆ.

ಕೆಳಗೆ ಹೆಸರು: 'ಅಕ್ಕ ಸಹಿ ಮಾಡುತ್ತಿದ್ದಾಳೆ'. ಒಟ್ಟು ಮೂವತ್ತು ಪ್ರತಿ. ನಾಲ್ಕು ಮಾರಾಟವಾಗಿವೆ.

ತನ್ನ ಬೆನ್ನು ತನಗೇ ಗುರುತು ಸಿಗುವುದಿಲ್ಲ. ಆದರೆ ಆ ತೇಪೆ ಹಾಕಿದ್ದು ನಾನು.

ಅದೇ ದಿನ, ಸಂಜೆ

ನಾನಲ್ಲ. ಆ ಹೆಂಗಸು ಎಡಗೈಯಲ್ಲಿ ಬರೆಯುತ್ತಿದ್ದಾಳೆ. ನಾನು ಬಲಗೈಯವಳು. ಎಷ್ಟು ಹಗುರಾಯಿತು ಅಂದರೆ ಬಸ್‌ಸ್ಟಾಪಿನಲ್ಲಿ ಒಬ್ಬಳೇ ನಕ್ಕೆ.

ಮಾರ್ಚ್ 7, ಶುಕ್ರವಾರ

ಅಂಗಡಿಯ ಪುಟದಲ್ಲೇ ಬರೆದಿದೆ. ಕೆತ್ತಿದ್ದನ್ನು ಒತ್ತಿದಾಗ ಎಡ ಬಲವಾಗಿ, ಬಲ ಎಡವಾಗಿ ಬೀಳುತ್ತದೆ. 'ನೆನಪಿನಿಂದ ನೇರವಾಗಿ ಕೆತ್ತಿದ ಚಿತ್ರಗಳು ಕನ್ನಡಿಯಂತೆ ತಿರುಗಿವೆ, ಹಾಗೇ ಬಿಟ್ಟಿದ್ದೇನೆ.'

ನಾನೇ.

ಮಾರ್ಚ್ 9, ಭಾನುವಾರ, ಮನೆ

ಒಮ್ಮೆ ಬರೆದುಬಿಡುತ್ತೇನೆ. ಹೇಗೂ ಓದುವವರಿಲ್ಲ.

ತಂಗಿ ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ಗುಬ್ಬಿ ಅಂತ ಕರೆಯುತ್ತಿದ್ದೆವು, ಗುಬ್ಬಿಯಷ್ಟೇ ತಿನ್ನುತ್ತಿದ್ದಳು, ಒಂದು ತುತ್ತಿಗೆ ನಾನೊಂದು ಪ್ರಾಸ ಕಟ್ಟಬೇಕಿತ್ತು. ಹನ್ನೆರಡು ವರ್ಷದ ಹಿಂದೆ ನಿದ್ದೆ ಬಿಟ್ಟಳು. ತಿಂಗಳುಗಟ್ಟಲೆ. ಬಾಡಿಗೆ ಮನೆಯ ಗೋಡೆಗಳ ಮೇಲೆಲ್ಲ ಇದ್ದಿಲಿನಲ್ಲಿ ಚಿತ್ರ ಬರೆದಳು, ಬಾಗಿಲ ಮೇಲೆ ಬರೆದಳು, ಹಾಸಿಗೆ ಹಿಡಿದ ಅಮ್ಮನ ಹೊದಿಕೆಯ ಮೇಲೆ ಬರೆದಳು. ಮನೆಯ ಮಾಲೀಕ ಖಾಲಿ ಮಾಡಿ ಅಂದ. ನಾನಾಗ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದೆ. ಅವಳನ್ನು ಮನೋರೋಗದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಳಗೆ ಚಪ್ಪಲಿ ಬಿಡುವುದಿಲ್ಲ ಅಂದರು, ಅವಳದನ್ನು ಪೇಪರಿನಲ್ಲಿ ಸುತ್ತಿಕೊಂಡೆ. ಸಹಿ ಹಾಕಿದೆ.

"ಎರಡು ವಾರ ಕಣೇ. ಆಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದೆ.

"ಬರ್ತೀಯ ತಾನೆ?"

"ಬರ್ದೇ ಇರ್ತೀನಾ?"

ಎರಡು ವಾರ ಕಳೆಯಿತು. ಅಮ್ಮನಿಗೆ ಜಾಸ್ತಿಯಾಗಿತ್ತು, ನಿಜ. ಆದರೆ ಅದು ಕಾರಣವಲ್ಲ. ಮನೆ ನಿಶ್ಶಬ್ದವಾಗಿತ್ತು. ನನಗದು ಹಿಡಿಸಿತು. ಗೋಡೆಗೆ ಸುಣ್ಣ ಹೊಡೆಸಿದೆ. ಅಮ್ಮ ಹೋದಳು. ಮನೆ ಬದಲಿಸಿದೆ. ಆ ಆಸ್ಪತ್ರೆಗೆ ಹೊಸ ವಿಳಾಸ ಕೊಡಲಿಲ್ಲ. 'ಮರೆತೆ' ಅಂತ ಬರೆಯಲು ಈಗಲೂ ಕೈ ಹೋಗುತ್ತದೆ. ಮರೆತಿರಲಿಲ್ಲ.

ಒಂಬತ್ತು ತಿಂಗಳಾದ ಮೇಲೆ ಹೋದೆ. ಬೇರೆ ಯಾರೋ ಸಹಿ ಹಾಕಿ ಬಿಡಿಸಿಕೊಂಡು ಹೋಗಿದ್ದರು. ಯಾರು, ಎಲ್ಲಿಗೆ — ಹೇಳಲಿಲ್ಲ. ನಾನೂ ಒತ್ತಿ ಕೇಳಲಿಲ್ಲ.

ಬದುಕಿದ್ದಾಳೆ. ಕೆಲಸ ಮಾಡಿಕೊಂಡಿದ್ದಾಳೆ. ಇದು ಮೊದಲು ಹೊಳೆಯಬೇಕಿತ್ತು. ಮೊದಲು ಹೊಳೆದದ್ದು ಬೇರೆ: ನಾಲ್ಕು ಮನೆಗಳ ಗೋಡೆಯಲ್ಲಿ ನಾನಿದ್ದೇನೆ. ಬರುವವರು ಹೋಗುವವರು ನೋಡುತ್ತಾರೆ. ಇನ್ನೂ ಇಪ್ಪತ್ತಾರು ಗೋಡೆ ಬಾಕಿ.

ಮಾರ್ಚ್ 10, ಸೋಮವಾರ

ಆರು ಪ್ರತಿ ಆರ್ಡರ್ ಮಾಡಿದೆ, ನನ್ನ ಸಂಬಳದಿಂದ. ಹೆಸರಿನ ಜಾಗದಲ್ಲಿ 'ಸ್ಟೋರ್ಸ್, ಕಣ್ಣಿನ ಆಸ್ಪತ್ರೆ'. ಎಲ್ಲವನ್ನೂ ಕೊಂಡರೆ ಯಾರ ಗೋಡೆಗೂ ಹೋಗುವುದಿಲ್ಲ. ಬುದ್ಧಿವಂತಿಕೆ ಅಂದರೆ ನನ್ನದು.

ಮಾರ್ಚ್ 18, ಮಂಗಳವಾರ

ಪಾರ್ಸೆಲ್ ಬಂತು. ಬಿಚ್ಚಲಿಲ್ಲ. ಹತ್ತಿಯ ಬಾಕ್ಸ್‌ಗಳ ಹಿಂದೆ ಇಟ್ಟೆ.

ಮೇಲೆ ಅಂಟಿಸಿದ್ದ ಚೀಟಿ ಮಾತ್ರ ಓದಿದೆ. 'ಬಿಸಿಲು ಬೀಳದ ಕಡೆ ಹಾಕಿ. ಕೊಂಡಿದ್ದಕ್ಕೆ ವಂದನೆ.' ಅವಳದೇ ಅಕ್ಷರ. 'ಳ'ದ ಬಾಲ ಈಗಲೂ ಸಾಲು ಬಿಟ್ಟು ಕೆಳಗಿಳಿಯುತ್ತದೆ. ಅದಕ್ಕಾಗಿ ಮೇಷ್ಟರು ಎಷ್ಟು ಹೊಡೆದಿದ್ದರು.

ಚೀಟಿ ಪರ್ಸಿನಲ್ಲಿದೆ.

ಏಪ್ರಿಲ್ 2, ಬುಧವಾರ

ಇನ್ನೂ ಐದು ಆರ್ಡರ್ ಮಾಡಿದೆ. ಈಗ ಚಿತ್ರ ಅಡಗಿಸಲು ಕೊಳ್ಳುತ್ತಿದ್ದೇನೋ, ಚೀಟಿಗಾಗಿ ಕೊಳ್ಳುತ್ತಿದ್ದೇನೋ, ಕೇಳಬೇಡಿ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ.

ಕಾಗೆಗಳು ಗೋಡೆ ಏರಿದವು. ವಾರ್ಡಿನ ಆಯಾ — ಈ ಕಟ್ಟಡಕ್ಕಿಂತ ಹಳಬಳು — ಸೊಂಟದ ಮೇಲೆ ಕೈಯಿಟ್ಟು ನೋಡಿ, "ಮೂರೂ ನನ್ನ ಮೈದುನನ ಹಾಗೇ ನೋಡ್ತಾವೆ" ಅಂದಳು.

ಏಪ್ರಿಲ್ 21, ಸೋಮವಾರ

ಐದು ಬಂದಿದ್ದವು, ಆಮೇಲೆ ತರಿಸಿದ ಎಂಟೂ ಬಂದವು. ಚೀಟಿ ಉದ್ದವಾಗುತ್ತಿದೆ. 'ಇದೇ ಚಿತ್ರವನ್ನು ಇಷ್ಟೊಂದು ಕೇಳಿದವರು ನೀವೊಬ್ಬರೇ. ನೋಡಿದವರೆಲ್ಲ ಮುಖ ಯಾಕಿಲ್ಲ ಅನ್ನುತ್ತಾರೆ, ನೀವು ಕೇಳಲಿಲ್ಲ.'

ಕೇಳಲಿಲ್ಲ, ನಿಜ.

ಮೇ 8, ಗುರುವಾರ

ಕೊನೆಯ ಏಳೂ ಬಂದವು. ಒಟ್ಟು ಇಪ್ಪತ್ತಾರು. ಜೊತೆಗೆ ಒಂದು ಬೇರೆ ಲಕೋಟೆ, ಉಡುಗೊರೆಯಂತೆ. ಅದೇ ಚಿತ್ರ, ಆದರೆ ಮೂಲೆಯಿಂದ ಮೂಲೆಗೆ ಎರಡು ಬಿಳಿ ಗೀರು. ಪ್ರತಿಗಳೆಲ್ಲ ಮುಗಿದ ಮೇಲೆ ಕೆತ್ತಿದ ಹಾಳೆಗೆ ಅಡ್ಡಗೀರು ಹಾಕಿಬಿಡುವುದು ಕಸುಬಿನ ನಿಯಮವಂತೆ, ಮತ್ತೆ ಯಾರೂ ಒತ್ತಬಾರದೆಂದು. ಗೀರು ಹಾಕಿ ತೆಗೆದ ಒಂದೇ ಒಂದು ಅಚ್ಚು ಇದು.

ಪತ್ರ: 'ಈ ಚಿತ್ರದಲ್ಲಿರುವವರನ್ನು ನಾನು ಕೊನೆಯ ಸಲ ನೋಡಿದ್ದು ಹೀಗೇ. ಕೆತ್ತಲು ಧೈರ್ಯ ಬರಲು ಹತ್ತು ವರ್ಷ ಬೇಕಾಯಿತು. ಒಂದೇ ಕಡೆ ಇಪ್ಪತ್ತಾರೂ ಇವೆ ಅಂದರೆ ನನಗೇನೋ ಸಮಾಧಾನ. ಎಲ್ಲಿ ತೂಗುಹಾಕಿದ್ದೀರಿ? ಒಂದು ಫೋಟೋ ಕಳಿಸುತ್ತೀರಾ?'

ಹತ್ತಿಯ ಬಾಕ್ಸಿನ ಹಿಂದೆ, ಗುಬ್ಬಿ. ಒಂದನ್ನೂ ಬಿಚ್ಚಿಲ್ಲ.

ಮೇ 9

ಉತ್ತರ ಬರೆದಿಲ್ಲ.

ಮೇ 23

ಬರೆದಿಲ್ಲ. ಕಪ್ಪು ಕನ್ನಡಕ ಬಂತು, ಎರಡು ಡಜನ್ ಹೆಚ್ಚು.

ಜೂನ್ 5, ಗುರುವಾರ

ಮೆಸೇಜ್: 'ಮುಂದಿನ ಗುರುವಾರ ನಿಮ್ಮ ಕಡೆ ಕೆಲಸವಿದೆ. ಹನ್ನೊಂದರ ಹೊತ್ತಿಗೆ ಬಂದು ಒಮ್ಮೆ ನೋಡಬಹುದೆ? ಚಿತ್ರಗಳು ಗೋಡೆಯ ಮೇಲಿರುವುದನ್ನು ನಾನು ಯಾವತ್ತೂ ನೋಡಿಲ್ಲ.'

ಆಗುವುದಿಲ್ಲ, ರಿಪೇರಿ ನಡೆಯುತ್ತಿದೆ ಎಂದು ಟೈಪ್ ಮಾಡಿದೆ. ಅಳಿಸಿದೆ. 'ಬನ್ನಿ' ಎಂದು ಕಳಿಸಿ ಫೋನನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಬೀಗ ಯಾಕೋ.

ಜೂನ್ 9, ಸೋಮವಾರ

ದೊಡ್ಡ ಮೇಡಂ ಹತ್ತಿರ ಅನುಮತಿ.

"ಒಂದೇ ಚಿತ್ರ ಇಪ್ಪತ್ತಾರಾ? ಕಣ್ಣಿನ ಪರೀಕ್ಷೆಯೇನ್ರೀ? ಒಂದು ಕಾಣುತ್ತಾ, ಇಪ್ಪತ್ತಾರು ಕಾಣುತ್ತಾ ಅಂತ?"

"ನಾನೇ ಕೊಂಡಿದ್ದು ಮೇಡಂ. ಆಸ್ಪತ್ರೆಗೆ ಖರ್ಚಿಲ್ಲ."

"ಹಾಗಂತ ಮೊದಲೇ ಹೇಳಬಾರದಾ. ಹಾಕಿ, ಹಾಕಿ."

ಜೂನ್ 11, ಬುಧವಾರ

ಎರಡು ದಿನ ಬಡಗಿಯ ಜೊತೆ ನಿಂತು ಮೊಳೆ ಹೊಡೆಸಿದೆ. ಸ್ಟೋರ್ಸಿನ ಕಿಂಡಿಯಿಂದ ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಒಂದೇ ಸಾಲು. ಎಲ್ಲರೂ ನೋಡಲಿ ಅಂತಲೇ.

ಕಣ್ಣಿಗೆ ಹನಿ ಬಿಡಿಸಿಕೊಂಡ ಅಜ್ಜನೊಬ್ಬ ಒಂದರ ಮುಂದೆ ಕೈಕಟ್ಟಿ ನಿಂತಿದ್ದ. ಕೂತ್ಕೊಳ್ಳಿ ಅಂದೆ.

"ಈಯಮ್ಮ ಮುಗಿಸ್ಲಿ ಅಂತ ಕಾಯ್ತಿದೀನಿ ಕಣಮ್ಮ. ಆಗಿನಿಂದ ಸಹಿ ಮಾಡ್ತಾನೇ ಇದಾಳೆ. ಏನು, ಮನೆ ಬರೆದುಕೊಡ್ತಿದಾಳಾ?"

ಆಯಾ ನಕ್ಕಳು. ನಾನೂ ನಕ್ಕೆ. ಒಳಗೆ ಬಂದು ಹತ್ತಿಯ ಬಾಕ್ಸಿನ ಮೇಲೆ ಕೂತೆ.

ನಾಳೆ ಅವಳಿಗೆ ಹೇಳಬೇಕಾದ ಮೊದಲ ಮಾತು. ಬರೆದು ನೋಡಿದ್ದು: 'ಗುಬ್ಬಿ, ತಪ್ಪಾಯಿತು.' ಅರ್ಜಿಯ ಹಾಗಿದೆ. 'ಗುಬ್ಬಿ, ಅಮ್ಮ ಹೋದಳು.' ಅಮ್ಮನ ಹಿಂದೆ ಅವಿತ ಹಾಗಿದೆ. 'ಎರಡು ವಾರ ಅಂದಿದ್ದೆ' — ಇದರ ಮುಂದೆ ಏನೂ ಬರಲಿಲ್ಲ. ಅಕ್ಕ, ಪಕ್ಕ, ಲೆಕ್ಕ, ಚಿಕ್ಕ. ಪ್ರಾಸಕ್ಕೇನು, ರಾಶಿ ಸಿಗುತ್ತದೆ.

ಜೂನ್ 12, ಗುರುವಾರ, 9.40

ಹನಿ ಮೂವತ್ತು ಬಾಕ್ಸ್ ವಾರ್ಡಿಗೆ ಕೊಟ್ಟೆ. ಎರಡು ಸಲ ಎಣಿಸಿದೆ, ಎರಡು ಉತ್ತರ ಬಂತು.

ಬೈದರೆ ಬೈಯಲಿ. ಹೊಡೆದರೂ ಆಗಬಹುದು. ಎಲ್ಲದಕ್ಕೂ ತಯಾರಾಗಿದ್ದೇನೆ.

11.20

ಬಂದಿದ್ದಾಳೆ. ಕಿಂಡಿಯ ಬಾಗಿಲು ಮುಕ್ಕಾಲು ಮುಚ್ಚಿದ್ದೇನೆ. ಉಳಿದ ಕಾಲು ಭಾಗದಲ್ಲಿ ಕಾಣುತ್ತಾಳೆ. ಕೂದಲು ಗಿಡ್ಡ, ಅರ್ಧ ಬೆಳ್ಳಗೆ. ಮೈ ಸ್ವಲ್ಪ ತುಂಬಿದೆ — ಉಣ್ಣುತ್ತಾಳೆ. ಉಗುರಿನ ಸಂದಿಯಲ್ಲಿ ಮಸಿ.

ಒಂದೊಂದರ ಮುಂದೂ ನಿಲ್ಲುತ್ತಾಳೆ. ಸೊಟ್ಟಗಿದ್ದ ಒಂದನ್ನು ಬೆರಳ ತುದಿಯಿಂದ ಸರಿ ಮಾಡಿದಳು. ಮಲಗಿರುವವರ ಹೊದಿಕೆ ಸರಿ ಮಾಡಿದ ಹಾಗೆ. ಆಯಾ ಅವಳ ಪಕ್ಕಕ್ಕೆ ಹೋಗಿ ನಿಂತಳು. ಸುಮ್ಮನಿರುವ ಜಾತಿಯಲ್ಲ ಅದು.

ಆಡಿದ್ದನ್ನು ಆಡಿದ ಹಾಗೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಕೇಳಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

"ನೀವೇನಾ ಇದನ್ನ ಮಾಡಿದ್ದು? ಯಾರಮ್ಮ ಇವರು, ಮುಖಾನೇ ಇಲ್ಲ?"

"ನಮ್ಮಕ್ಕ."

"ಓಹೋ. ಈಗೆಲ್ಲಿದಾರೆ?"

"ತೀರಿಕೊಂಡು ಬಹಳ ವರ್ಷ ಆಯ್ತು."

"ಅಯ್ಯೋ. ಏನಾಗಿತ್ತಂತೆ?"

"ಗೊತ್ತಿಲ್ಲ. ನನ್ನನ್ನ ಆಸ್ಪತ್ರೆಗೆ ಸೇರಿಸಿದ್ಲು. ಎರಡು ವಾರ ಬಿಟ್ಟು ಬರ್ತೀನಿ ಅಂದ್ಲು. ಬರ್ಲಿಲ್ಲ. ಮೊದಮೊದಲು ಸಿಟ್ಟು ಬರ್ತಿತ್ತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮನೆ ಹತ್ರ ಹೋದೆ, ಬೇರೆ ಯಾರೋ ಇದ್ರು. ಆಗ ತಿಳೀತು."

"ಯಾರಾದ್ರೂ ಹೇಳಿದ್ರಾ?"

"ಯಾರು ಹೇಳ್ಬೇಕು. ಬದುಕಿದ್ರೆ ಬಂದೇ ಬರ್ತಿದ್ಲು. ನಮ್ಮಕ್ಕ ಅಂಥವಳಲ್ಲ."

11.35

ಬೈಗುಳಕ್ಕೆ ತಯಾರಿದ್ದೆ. ಇದಕ್ಕೆ ಇರಲಿಲ್ಲ.

ಗುಬ್ಬಿಯ ಹತ್ತಿರ ಒಬ್ಬಳು ಅಕ್ಕ ಇದ್ದಾಳೆ. ಮಾತು ತಪ್ಪದವಳು, ಪಾಪ, ದಾರಿಯಲ್ಲೇ ಸತ್ತಳು. ಹನ್ನೆರಡು ವರ್ಷ ಗುಬ್ಬಿ ಆ ಅಕ್ಕನನ್ನು ನಂಬಿ ಬದುಕಿದ್ದಾಳೆ. ಈ ಬಾಗಿಲು ತೆಗೆದರೆ ಆ ಅಕ್ಕನೂ ಹೋಗುತ್ತಾಳೆ. ಬದಲಿಗೆ ಸಿಗುವುದು ನಾನು.

ತೆಗೆಯಲಾರೆ. ಹಿಂದಿನ ಬಾಗಿಲಿನಿಂದ ಹೋಗಬಹುದು, ಕಸದ ತೊಟ್ಟಿಯ ಪಕ್ಕ. ಸ್ಟೋರ್ಸ್ ಮೇಡಂ ರಜೆ ಅನ್ನು ಅಂತ ಆಯಾಗೆ ಹೇಳಿದ್ದರೆ ಮುಗಿಯುತ್ತಿತ್ತು. ಈಗಲೂ

11.40

ಕಿಂಡಿಗೆ ಬಡಿದಳು ಆಯಾ. "ಮೇಡಂ, ಚಿತ್ರದವರು ನಿಮ್ಗೆ ಥ್ಯಾಂಕ್ಸ್ ಹೇಳ್ಬೇಕಂತೆ. ಇಲ್ಲೇ ನಿಂತಿದಾರೆ."

ಸುಮ್ಮನಿರಬೇಕಿತ್ತು. "ಬಂದೆ" ಅಂದುಬಿಟ್ಟೆ. ಅಭ್ಯಾಸ. ಯಾರು ಬಡಿದರೂ ಹಾಗೆಯೇ ಅನ್ನುವುದು.

ಹೊರಗೆ ಮಾತು ನಿಂತಿತು. ನನ್ನ ದನಿ ಅವಳ ಕಿವಿಗೆ ಬಿದ್ದಿರಬೇಕು. ಈಗ ಹೆಜ್ಜೆ. ದೂರಕ್ಕಲ್ಲ.

ಕಿಂಡಿಯ ಸಂದಿಯಲ್ಲಿ ನಾಲ್ಕು ಬೆರಳು, ಉಗುರಲ್ಲಿ ಮಸಿ. ತಳ್ಳುತ್ತಿಲ್ಲ. ಸುಮ್ಮನೆ ಇಟ್ಟಿದ್ದಾಳೆ. ಪೆನ್ನು ಕೆಳಗಿಡಬೇಕು. ಈ ಸಾಲು ಮುಗಿಸಿ