ಗವರ್ನರರ ಕಣ್ಣಿನ ಬಣ್ಣ

ಮೆಡೆಂಬ್ಲಿಕ್,
1657 ಮಾರ್ಚ್ 9

ಪ್ರೀತಿಯ ವೈಬ್ರಾಂಟ್,

ಹೇಗಿದ್ದೀರಿ? ಹೊಟ್ಟೆ ಸರಿಯಿದೆಯೇ? ಪೋರ್ಚುಗೀಸರ ಗುಂಡು ತಗುಲಿದ ಭುಜ ಮಳೆ ಬಂದರೆ ಈಗಲೂ ನೋಯುತ್ತದೆಯೇ? ಒಂಬತ್ತು ತಿಂಗಳು ಸಮುದ್ರದಲ್ಲಿ ತೇಲಿದ ನಿಮ್ಮ ಪತ್ರ ಮೊನ್ನೆ ಕೈಸೇರಿತು. ಅತ್ತೆ ಈ ಹಡಗಿನಲ್ಲಿ ನಿಮಗೆ ನಾಲ್ಕು ಜೊತೆ ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದಾರೆ. ಅಲ್ಲಿ ಪೂರ್ವದೇಶದಲ್ಲಿ ಬೆವರಿಳಿಯುವ ಸೆಕೆ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. "ಗವರ್ನರ್ ಆದ್ರೇನು, ಅವನಿಗೆ ಬೇಗ ಶೀತ ಆಗತ್ತೆ ಕಣೇ" ಅಂದರು.

ಪೋರ್ಚುಗೀಸರ ಜೊತೆಗಿನ ಯುದ್ಧ ಮುಗಿಯುವ ತನಕ ಇನ್ನೈದು ವರ್ಷ ನೀವು ಗೆದ್ದ ಕೋಟೆಯಲ್ಲೇ ಇರಬೇಕೆಂದು ನಿಮ್ಮ ವ್ಯಾಪಾರ ಕಂಪನಿ ಕೇಳಿದೆ, ನೀನೇನನ್ನುತ್ತೀ ಎಂದು ಬರೆದಿದ್ದೀರಿ. ಐದೇ ವರ್ಷಕ್ಕೆಂದು ಸಿಪಾಯಿಯಾಗಿ ಹಡಗು ಹತ್ತಿದವರು ನೀವು. ಸಾರ್ಜೆಂಟ್ ಆದಿರಿ, ಮತ್ತೆ ಐದು. ಕ್ಯಾಪ್ಟನ್ ಆದಿರಿ, ಇನ್ನೂ ಐದು. ಈಗ ಗವರ್ನರ್. ನೀವು ಹೊರಟಾಗ ಹೊಟ್ಟೆಯಲ್ಲಿದ್ದ ನೀಲ್ಚೆಗೆ ಹದಿನೈದು ತುಂಬಿತು. ಇರಲಿ, ನನ್ನ ಮಾತು ಆಮೇಲೆ, ಮೊದಲು ಊರ ಸುದ್ದಿ ಕೇಳಿ.

ನಮ್ಮೂರ ಸಿಪಾಯಿ ಗವರ್ನರ್ ಆದನೆಂದು ಊರ ಕಾವಲುಪಡೆಯವರು ತಮ್ಮ ಸಭಾಂಗಣದಲ್ಲಿ ನಿಮ್ಮ ಚಿತ್ರ ತೂಗುಹಾಕಲು ಹೊರಟಿದ್ದಾರೆ. ಚಿತ್ರಕಾರ ಪೌಲುಸ್ ನಿಮ್ಮನ್ನು ಕಂಡವನೇ ಅಲ್ಲ. ಹಾಗಾಗಿ ನಿಮ್ಮ ತಮ್ಮ ಯಾಪನನ್ನು ನಿಮ್ಮ ಬದಲಿಗೆ ಕೂರಿಸಿದರು. ದಿನವಿಡೀ ಮೀನಿಗೆ ಉಪ್ಪು ಹಾಕುವ ಅವನ ಆ ಹೊಟ್ಟೆಯ ಮೇಲೆ ಉಕ್ಕಿನ ಎದೆಗವಚ ಕೂರಬೇಕಲ್ಲ! ಹಿಂದಿನಿಂದ ಬಲೆಯ ಹಗ್ಗ ಬಿಗಿದೆವು. ಕೂತ ಅರ್ಧ ಗಂಟೆಗೇ ನಮ್ಮ ಈ 'ಕೋಟೆ ಗೆದ್ದ ವೀರ' ಗೊರಕೆ ಹೊಡೆಯತೊಡಗಿದ. ಅತ್ತೆಯಂತೂ "ನನ್ನ ಮಗನ ಮೂಗು ಇಷ್ಟು ಮೊಂಡಲ್ಲ, ಇನ್ನೂ ಸ್ವಲ್ಪ ಎಳೀರಿ" ಎಂದು ಮೂರು ಸಲ ಮೂಗು ತಿದ್ದಿಸಿದರು. ಕ್ಷೌರಿಕನೂ ಬಂದು "ಗದ್ದದ ಮೇಲೆ ಒಂದು ಗಾಯದ ಗುರುತಿರ್ಬೇಕು, ನಾನೇ ಮಾಡಿದ್ದು" ಎಂದು ಹೆಮ್ಮೆಯಿಂದ ತೋರಿಸಿದ. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು. ನೀಲ್ಚೆ ಮಾತ್ರ "ಅಪ್ಪ ಹೇಗಿದ್ರೂ ಪರವಾಗಿಲ್ಲಮ್ಮ, ಚಿಕ್ಕಪ್ಪನ ತರ ಗೊರಕೆ ಹೊಡೀದಿದ್ರೆ ಸಾಕು" ಅಂದಳು. ಹೊಡೆಯುತ್ತೀರಿ ಎಂದು ನಾನು ಹೇಳಲಿಲ್ಲ.

ಕೊನೆಗೆ ಉಳಿದದ್ದು ಕಣ್ಣು. ಅತ್ತೆ ನೀಲಿ ಅಂದರು. "ನಿಂಗೆ ಕಣ್ಣೇ ಸರಿಯಾಗಿ ಕಾಣಲ್ಲ, ಸುಮ್ನಿರಮ್ಮ, ಬೂದು" ಅಂದ ಯಾಪ. ಜಗಳ ಜೋರಾಯಿತು. "ಹೆಂಡ್ತೀನ ಕೇಳ್ರಪ್ಪಾ" ಅಂದ ಪೌಲುಸ್. ಎಲ್ಲರೂ ನನ್ನತ್ತ ತಿರುಗಿದರು. ಅಯ್ಯೋ, ಒಲೆಯ ಮೇಲೆ ಬಟಾಣಿ ಸಾರು ತಳ ಹಿಡೀತಿದೆ ಎಂದು ನಾನು ಮನೆಗೆ ಓಡಿದೆ.

ಅತ್ತೆಯ ಆಶೀರ್ವಾದ, ನೀಲ್ಚೆಯ ಮುತ್ತು, ಯಾಪನ ದೊಡ್ಡ ನಮಸ್ಕಾರ ಎಲ್ಲವೂ ಇದರೊಳಗಿವೆ. ದೇವರು ನಿಮ್ಮನ್ನು ಕಾಪಾಡಲಿ.

ಕಾಯುವುದರಲ್ಲಿ ಪಳಗಿದ ನಿಮ್ಮ
ಲೈಸ್‌ಬೆತ್

ವಿ.ಸೂ.: ಹಡಗಿನವರು ಪತ್ರದ ಚೀಲ ಕಟ್ಟುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಒಲೆಯ ಮೇಲೆ ಸಾರೇ ಇರಲಿಲ್ಲ. ನಿಮ್ಮ ಕಣ್ಣಿನ ಬಣ್ಣ ನನಗೆ ನೆನಪಾಗಲಿಲ್ಲ ವೈಬ್ರಾಂಟ್, ತುಂಬಾ ಭಯವಾಯಿತು. ಕಣ್ಣಿನ ಜಾಗ ಖಾಲಿ ಬಿಡಲು ಪೌಲುಸ್‌ಗೆ ಹೇಳಿದ್ದೇನೆ. ಇನ್ನೈದು ವರ್ಷ ಆಗುವುದಿಲ್ಲ ಎಂದು ಕಂಪನಿಗೆ ಬರೆಯಿರಿ. ನನಗೆ ಬಣ್ಣ ಬರೆದು ಕಳಿಸಬೇಡಿ. ಬಂದು ತೋರಿಸಿ.