ಐದಡಿ ನಾಲ್ಕಿಂಚಿನವನ ಬಾಯಿ

ಫೆ. 8, ಶನಿವಾರ
ಓಖ್ಲಾ ಹಾಲ್‌ನಲ್ಲಿ ಪ್ರಾಕ್ಟೀಸ್. ಮಂಡಿಗೆ ಐಸ್. ಗೇಟಿನ ಹೊಸ ಗಾರ್ಡ್ ಇವತ್ತೂ ತಡೆದ — ಭಯ್ಯಾ, ಇದು ಪ್ಲೇಯರ್ಸ್ ಎಂಟ್ರಿ. ಒಂಬತ್ತು ವರ್ಷದಿಂದ ಇದೇ ಹಣೆಬರಹ. ಐದಡಿ ನಾಲ್ಕಿಂಚು. ಇಡೀ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ನನ್ನಷ್ಟು ಗಿಡ್ಡ ಇನ್ನೊಬ್ಬನಿಲ್ಲ. ನನಗಿರುವುದು ಬಾಯಿ. ಸುಹಾಸ್ ಆರಡಿ ಆರು, ಹಾಸನದವನು. ನಾನು ಕನ್ನಡದಲ್ಲಿ ಕೂಗುತ್ತೇನೆ — ಎಡಕ್ಕೆ ಬಾ, ಹಿಂದಿನಿಂದ ಓಡು. ಅವನು ಓಡುತ್ತಾನೆ. ಎದುರಿನವರು ಪಿಳಿಪಿಳಿ ನೋಡುತ್ತಾರೆ.

ಫೈನಲ್ ಐದು ಮ್ಯಾಚು, ಗಾಜಿಯಾಬಾದ್ ಟೀಮಿನ ಮೇಲೆ. ನಿನ್ನೆ ಮೊದಲನೆಯದು ಗೆದ್ದೆವು. ಕಪ್ ಬಂದರೆ ನನಗೆ ಇನ್ನೊಂದು ವರ್ಷ ಕಾಂಟ್ರಾಕ್ಟ್. ಇಲ್ಲದಿದ್ದರೆ ಮನೆಗೆ. ಕೋಚ್ ದಿಲೀಪ್ ಸರ್ ಮುಚ್ಚುಮರೆ ಮಾಡಲಿಲ್ಲ.

ಫೆ. 12
ಸೋತೆವು. ಏನೋ ಸರಿಯಿಲ್ಲ. ನಾನು ‘ಎಡಕ್ಕೆ’ ಅನ್ನುವಷ್ಟರಲ್ಲಿ ಅವರ ಹುಡುಗ ಎಡಕ್ಕೆ ಹೋಗಿ ನಿಂತಿದ್ದ. ಒಂದು ಸಲವಾದರೆ ಅದೃಷ್ಟ. ಆರು ಸಲ?

ಅಪ್ಪ ಮಾತ್ರ ಖುಷಿಯಲ್ಲಿದ್ದಾರೆ. ಮಿನಿಸ್ಟ್ರಿಗೆ ಹಾಫ್ ಡೇ ಹಾಕಿ ಬಂದಿದ್ದರು. ಮೊದಲ ಮ್ಯಾಚಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಒಳ್ಳೆಯ ಜನ ಇವತ್ತೂ ಸಿಕ್ಕಿದ್ದರಂತೆ. ಸೋತ ದಿನ ಇದನ್ನು ಯಾರು ಕೇಳಿದರು...

ಫೆ. 13
ಸುಹಾಸ್ ಇರುವುದು ಇಂದಿರಾಪುರಂನಲ್ಲಿ. ಅಂದರೆ ಗಾಜಿಯಾಬಾದ್. ಮೂರು ವರ್ಷದಿಂದ ಗೊತ್ತು, ಇವತ್ತು ಹೊಳೆಯಿತು.
ಬೆಂಚಿನ ಮೇಲೆ ಫೋನ್ ಮಗುಚಿ ಇಡುತ್ತಾನೆ. ನಾಲ್ಕು ಸಲ ಹೊರಗೆ ಹೋಗಿ ಮಾತಾಡಿದ. ಮನೆಯಿಂದ ಅಂದ. ಯಾವ ಮನೆಯವರು ಪ್ರಾಕ್ಟೀಸ್ ಹೊತ್ತಿನಲ್ಲಿ ನಾಲ್ಕು ಸಲ ಮಾಡುತ್ತಾರೆ?

ಫೆ. 15
ಕಣ್ಣಾರೆ ಕಂಡೆ. ಆಟೋ ಮಾಡಿಕೊಂಡು ಸುಹಾಸನ ಹಿಂದೆ ಹೋಗಿದ್ದೆ — ನಾಚಿಕೆಯಾಗುತ್ತದೆ, ಆದರೂ ಹೋದೆ. ಗಾಜಿಯಾಬಾದ್ ಕ್ಯಾಪ್ಟನ್ನೂ ಇವನೂ ಒಂದೇ ಪ್ಲೇಟ್ ಬೋಂಡಾ ತಿನ್ನುತ್ತ ನಗುತ್ತಿದ್ದರು. ಆಮೇಲೆ ಫೋನಿನಲ್ಲಿ ಸುಮ್ಮನೆ ಕೆದಕಿದೆ, ಸಂಜೆ ಎಲ್ಲಿದ್ದೆ ಅಂತ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯವನೊಬ್ಬನ ಜೊತೆ ತಿಂಡಿ, ಅದರಲ್ಲೇನು ತಪ್ಪು ಅಂದ. ತಪ್ಪು ಅಂದವರು ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.

ಫೆ. 16
ಮೂರನೆಯದೂ ಹೋಯಿತು. ದಿಲೀಪ್ ಸರ್ ರೂಮಿಗೆ ಹೋಗಿ ಬಾಗಿಲು ಹಾಕಿ ಹೇಳಿದೆ. ನಾನು ಕೂಗುವುದೆಲ್ಲ ಅವರಿಗೆ ಗೊತ್ತು. ಕನ್ನಡ ಬಲ್ಲವರು ಇಬ್ಬರೇ. ನಾನಲ್ಲ.
ಅಷ್ಟು ಸಾಕಾಯಿತು.

ಫೆ. 18
ಸುಹಾಸನನ್ನು ಟೀಮಿನಿಂದ ತೆಗೆದರು. ಬ್ಯಾಗ್ ತೆಗೆದುಕೊಂಡು ನನ್ನ ಲಾಕರ್ ಹತ್ತಿರ ಬಂದ. ನನ್ನ ಜೊತೆ ಮಾತಾಡುವಾಗ ಯಾವಾಗಲೂ ಬಗ್ಗುತ್ತಾನೆ, ಇವತ್ತೂ ಬಗ್ಗಿದ.
"ನನ್ನನ್ನೇ ಕೇಳಬಹುದಿತ್ತಲ್ಲೋ, ಆದರ್ಶಾ."
ಶೂ ಲೇಸ್ ಕಟ್ಟುತ್ತಾ ಕೂತೆ. ಕಟ್ಟಿದ್ದನ್ನೇ ಬಿಚ್ಚಿ ಕಟ್ಟಿದೆ.

ಫೆ. 22, ಸಂಜೆ
ನಾಳೆ ನಾಲ್ಕನೆಯ ಮ್ಯಾಚ್. ಆಧಾರ್ ಜೆರಾಕ್ಸ್ ಬೇಕಿತ್ತು, ಅಪ್ಪನ ಫೈಲ್ ತೆಗೆದೆ. ಅಪ್ಪ ಏನೇ ಬರೆದರೂ ಒಂದು ಆಫೀಸ್ ಕಾಪಿ ಇಟ್ಟುಕೊಳ್ಳುತ್ತಾರೆ, ಹಾಲಿನವನಿಗೆ ಬರೆದ ಚೀಟಿಯದ್ದೂ ಸಹ.
ಒಂದು ಹಾಳೆ. ಗೆರೆ ಎಳೆದ ಮೂರು ಕಾಲಂ — ಕ್ರಮಸಂಖ್ಯೆ, ಆದರ್ಶ್ ಕೂಗುವ ಮಾತು, ಹಿಂದಿ ಅರ್ಥ. ಹತ್ತು ಸಾಲು. ಕೆಳಗೆ ಏಕನಾಥ ಅಂತ ಅಪ್ಪನ ಸಹಿ, ಫೆಬ್ರವರಿ 9.
ಇದು ಯಾರಿಗೆ ಅಂದೆ. ಪಕ್ಕದ ಸೀಟಿನವರಿಗೆ, ಗಾಜಿಯಾಬಾದಿನವರು, ಅವತ್ತೇ ವಾಟ್ಸಾಪ್ ಮಾಡಿದೆ ಅಂದರು. ಮುಖ ಅರಳಿತ್ತು.
"ದಿಲ್ಲಿಗೆ ಬಂದು ಮೂವತ್ತು ವರ್ಷ ಆಯ್ತು. ಕನ್ನಡ ಕಲಿಸಿ ಅಂತ ಕೇಳಿದವರು ಅವರೊಬ್ಬರೇ ಕಣೋ."
ಕನ್ನಡ ಬಲ್ಲವರು ಇಬ್ಬರೇ ಅಂದಿದ್ದೆ. ಅಪ್ಪನನ್ನು ಎಣಿಸಿರಲಿಲ್ಲ.
ದಿಲೀಪ್ ಸರ್‌ಗೆ ಹೇಳಿದರೆ ನನ್ನ ಕಾಂಟ್ರಾಕ್ಟ್ ಅಲ್ಲಿಗೇ ಮುಗಿಯಿತು. ಹೇಳಬೇಕು. ಮೊದಲು ಸುಹಾಸನಿಗೆ.
ಫೋನ್ ಸ್ಪೀಕರ್‌ನಲ್ಲಿಟ್ಟಿದ್ದೇನೆ. ಕೈಗೆ ಕೆಲಸವಿಲ್ಲದಿದ್ದರೆ ಕಟ್ ಮಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ.
ಎತ್ತಿದ. ಹಲೋ ಅಂದ. ಇನ್ನೊಂದು ಸಲ ಅಂದ. ನನ್ನ ಬಾಯಿ —