ಬಾವಿ ಹೊಲದ ಕಂದಾಯ

ಚಿಗವ್ವ,

ಅಪ್ಪ ಎರಡನೆಯ ಮದುವೆಯಾಗಿ ನಿನ್ನನ್ನು ಮನೆಗೆ ತಂದ ದಿನದಿಂದ ಹೀಗೇ ಕರೆದೆ; ಕಾಗದದಲ್ಲೂ ಅದೇ ಬಂತು. ನೀನು ಲಿಂಗೈಕ್ಯಳಾಗಿ ವರ್ಷವಾಯಿತು, ಇದನ್ನು ಓದಲಾರೆ. ಆದರೂ ಇವತ್ತು ಜೇವರ್ಗಿ ಕಚೇರಿಯಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ರಜಾಕಾರರ ಗದ್ದಲ ಅಡಗಿ ಕಚೇರಿ ಮತ್ತೆ ತೆರೆದಿದೆ. ನೀನು ಮಠದ ದಾಸೋಹಕ್ಕೆ ಬಿಟ್ಟುಕೊಟ್ಟ ನೆಲೋಗಿಯ ಬಾವಿ ಹೊಲಕ್ಕೆ ಕಂದಾಯ ಕಟ್ಟಲು ಹೋಗಿದ್ದೆ. ನಮ್ಮ ಹೊಲಗಳಲ್ಲೆಲ್ಲ ಬೇಸಿಗೆಯಲ್ಲೂ ನೀರಿರುವುದು ಅದೊಂದರಲ್ಲೇ. ಕೊಡಲು ನೀನು ಆರಿಸಿದ್ದೂ ಅದನ್ನೇ.

ಹೊಸ ಗುಮಾಸ್ತ ನಕ್ಕ. “ಧರ್ಮಕ್ಕ ಬಿಟ್ಟ ಹೊಲ ಅದರಿ. ಒಂದು ಅರ್ಜಿ ಕೊಡ್ರಿ, ಕಂದಾಯ ಮಾಫ್ ಆಗ್ತದ. ಜ್ವಾಳ ಮಠಕ್ಕ, ಕಂದಾಯ ನಿಮಗ, ಇದ್ಯಾವ ಲೆಕ್ಕರಿ?”

ಹೊಲ ಕೊಂಡು ಮಾರುವುದೇ ಕಸುಬಾದ ನಾನು ಇದೇ ಮಾತನ್ನು ನಿನ್ನ ಮುಂದೆ ಎಷ್ಟು ಸಿಟ್ಟಿನಿಂದ ಆಡಿದ್ದೆ! ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ನೀನು ಕೊಟ್ಟ ಉತ್ತರವೇ ಈಗ ನನ್ನ ಬಾಯಿಗೆ ಬಂತು.

“ಹೊಲ ಕೊಟ್ಟು ಕಂದಾಯ ಬಿಡಿಸಿಕೊಂಡ್ರ ಅರ್ಧ ದಾನ ಸರ್ಕಾರ ಮಾಡಿದಂಗ. ನಾವು ಕೊಡೋದ್ರಾಗ ಸರ್ಕಾರದ ಪಾಲು ಯಾಕ?”

ಗುಮಾಸ್ತ ಲೇಖನಿ ಕೆಳಗಿಟ್ಟ. “ಎಂಥಾ ಮಾತ್ರಿ! ಯಾರು ಹೇಳಿದ್ದು?”

“ನಮ್ಮವ್ವ” ಎಂದೆ.

ಅವನಿಗೆ ‘ಅವ್ವ’ ಎಂಬುದು ಸಾಧಾರಣ ಮಾತು. ತಲೆಯಾಡಿಸಿ ರಸೀದಿ ಹರಿದು ಕೊಟ್ಟ. ನಾನು ಕಚೇರಿಯ ಕಟ್ಟೆಯ ಮೇಲೆ ಕೂತು ಈ ಕಾಗದ ಬರೆಯತೊಡಗಿದೆ.